ಹಳೆಯ ಎಂಜಿನ್ನಿಗೆ ವಯಸ್ಸು ಕೇಳಬೇಡಿ, ಲೆಕ್ಕ ಕೇಳಿ



ಶ್ರವಣಬೆಳಗೊಳದ ಸುತ್ತಿನ ಹಳ್ಳಿಗಳಲ್ಲಿ ಹಿರಿಯರು ಕಾಲವನ್ನು ಮಹಾಮಸ್ತಕಾಭಿಷೇಕದಿಂದ ಎಣಿಸುವುದುಂಟು. "ಈ ಟ್ರ್ಯಾಕ್ಟರು 1993ರ ಅಭಿಷೇಕದ ವರ್ಷ ನಮ್ಮ ಮನೆಗೆ ಬಂದದ್ದು" ಎಂದು ರೈತರೊಬ್ಬರು ನನಗೆ ಹೇಳಿದರು. ಆಮೇಲೆ 2006ರ ಅಭಿಷೇಕ ಕಳೆಯಿತು, 2018ರದೂ ಕಳೆಯಿತು. ಟ್ರ್ಯಾಕ್ಟರು ಮಾತ್ರ ಇನ್ನೂ ಉಳುತ್ತಿದೆ. "ಇದನ್ನು ಇಟ್ಟುಕೊಳ್ಳಲೋ, ಗುಜರಿಗೆ ಹಾಕಲೋ, ನೀವೇ ಹೇಳಿ ಸ್ವಾಮಿ" ಎಂಬುದು ಅವರ ಪ್ರಶ್ನೆ. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ತಾಲ್ಲೂಕುಗಳಲ್ಲಿ ಎಲ್ಲಿಗೆ ಹೋದರೂ ಇದೇ ಪ್ರಶ್ನೆ ಎದುರಾಗುತ್ತದೆ. ಒಮ್ಮೆ ಟ್ರ್ಯಾಕ್ಟರು, ಒಮ್ಮೆ ಟಿಲ್ಲರು, ಒಮ್ಮೆ ತೆಂಗಿನಕಾಯಿ ಹೊರುವ ಲಾರಿ.

ನಾನು ಬೇಸಾಯಶಾಸ್ತ್ರದವನು, ಯಂತ್ರಶಾಸ್ತ್ರದವನಲ್ಲ. ಆದರೂ ಈ ಪ್ರಶ್ನೆಗೆ ಉತ್ತರ ಹೇಳುವ ಹಕ್ಕು ನನಗಿದೆ ಎಂದು ಭಾವಿಸುತ್ತೇನೆ. ಏಕೆಂದರೆ ಯಂತ್ರ ಕೆಟ್ಟಾಗ ನಷ್ಟವಾಗುವುದು ಬೆಳೆಗೆ.

ಹದ ಕಾಯುವುದಿಲ್ಲ

ಈ ಭಾಗದ ಕೆಂಪು ಗೋಡು ಮಣ್ಣು ನೀರನ್ನು ಹೆಚ್ಚು ದಿನ ಹಿಡಿದಿಡುವುದಿಲ್ಲ. ಒಂದು ಒಳ್ಳೆಯ ಮಳೆಯಾದ ಮೇಲೆ ಬಿತ್ತನೆಯ ಹದ ಎರಡು ಮೂರು ದಿನ ಮಾತ್ರ ನಿಲ್ಲುತ್ತದೆ. ಆ ದಿನಗಳಲ್ಲಿ ಕಲ್ಟಿವೇಟರು ಹೊಲದಲ್ಲಿರಬೇಕು. ಹದ ತಪ್ಪಿದರೆ ಮುಂದಿನ ಮಳೆ ಯಾವಾಗ ಎಂದು ಹೇಳಬಲ್ಲವರು ಯಾರು?

ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಚನ್ನರಾಯಪಟ್ಟಣ ತಾಲ್ಲೂಕಿನ ಹಳ್ಳಿಯೊಂದರಲ್ಲಿ ರಾಗಿಯ ಪ್ರಾತ್ಯಕ್ಷಿಕೆ ಏರ್ಪಡಿಸಿದ್ದೆ. ಬೀಜೋಪಚಾರ ಮಾಡಿದ ಬೀಜ, ತೂಕ ಮಾಡಿದ ಗೊಬ್ಬರ, ತಾಕಿನ ಫಲಕ ಎಲ್ಲವೂ ಸಿದ್ಧವಾಗಿದ್ದವು. ಪುನರ್ವಸು ಮಳೆ ಚೆನ್ನಾಗಿ ಆಯಿತು. ಬೆಳಿಗ್ಗೆ ಆ ರೈತರ ಹಳೆಯ ಟ್ರ್ಯಾಕ್ಟರು ಹೊಲಕ್ಕಿಳಿಯಿತು, ಹತ್ತು ನಿಮಿಷ ಓಡಿತು, ನಿಂತಿತು. ಡೀಸೆಲ್ ಫಿಲ್ಟರಿನಲ್ಲಿ ನೀರು ಮತ್ತು ಕಸ ಕಟ್ಟಿಕೊಂಡಿತ್ತು. ಮಳೆ ಬಿದ್ದ ಮರುದಿನ ಮೆಕ್ಯಾನಿಕ್ಕಿಗೆ ಬಿಡುವೆಲ್ಲಿ? ಅವರ ಮುಂದೆ ಏಳು ಗಾಡಿಗಳು ಸಾಲಾಗಿ ನಿಂತಿದ್ದವು. ಅವರು ಬಂದದ್ದು ನಾಲ್ಕನೆಯ ದಿನ, ಕೆಲಸ ಮುಗಿದದ್ದು ಅರ್ಧ ಗಂಟೆಯಲ್ಲಿ. ಅಷ್ಟರಲ್ಲಿ ನೆಲ ಗಟ್ಟಿಯಾಗಿತ್ತು. ಮುಂದಿನ ಮಳೆ ಬಂದದ್ದು ಹದಿನೆಂಟು ದಿನಗಳ ನಂತರ.

ಬೀಜದ ಮೊಳಕೆ ಪರೀಕ್ಷೆ ಮಾಡಿಸಿದ್ದ ನಾನು, ಟ್ರ್ಯಾಕ್ಟರನ್ನು ಒಂದು ವಾರ ಮುಂಚೆ ಓಡಿಸಿ ನೋಡಿ ಎಂದು ಹೇಳಿರಲಿಲ್ಲ. ಟ್ರ್ಯಾಕ್ಟರಿನ ವಯಸ್ಸಿನಿಂದ ಆ ಬಿತ್ತನೆ ಕೆಡಲಿಲ್ಲ, ನಮ್ಮ ಉದಾಸೀನದಿಂದ ಕೆಟ್ಟಿತು.

ಹಳೆಯದೆಲ್ಲ ಕೆಟ್ಟದ್ದಲ್ಲ

ಹಳೆಯ ಡೀಸೆಲ್ ಎಂಜಿನ್ ಸರಳ ಯಂತ್ರ. ಗಾಳಿಯನ್ನು ಒತ್ತಿ ಕಾಯಿಸಿ, ಅದರೊಳಗೆ ಎಣ್ಣೆಯನ್ನು ಸಿಂಪಡಿಸಿದರೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಅದಕ್ಕೆ ಬೇಕಾದವು ಶುದ್ಧ ಗಾಳಿ, ಶುದ್ಧ ಡೀಸೆಲ್, ಒಳ್ಳೆಯ ಎಂಜಿನ್ ಆಯಿಲ್, ತಂಪು. ಈ ನಾಲ್ಕನ್ನು ಒದಗಿಸಿದರೆ ಅದು ತಲೆಮಾರು ದುಡಿಯುತ್ತದೆ. ಬಾವಿಯ ದಡದಲ್ಲಿ ನಿಮಿಷಕ್ಕೆ 650 ಸುತ್ತು ತಿರುಗುತ್ತ ನೀರೆತ್ತುತ್ತಿದ್ದ ಲಿಸ್ಟರ್ ಮಾದರಿಯ ಎಂಜಿನ್ನುಗಳನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ.

ಎಚ್.ಎಂ.ಟಿ. ಟ್ರ್ಯಾಕ್ಟರಿನ ಕಥೆ ಇಲ್ಲಿ ನೆನಪಿಸಿಕೊಳ್ಳತಕ್ಕದ್ದು. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ಸಂಸ್ಥೆ 1971ರಲ್ಲಿ ಜೆಕ್ ದೇಶದ ಜೆಟರ್ ಕಂಪನಿಯ ಸಹಯೋಗದಿಂದ ಹರಿಯಾಣದ ಪಿಂಜೋರಿನಲ್ಲಿ 25 ಅಶ್ವಶಕ್ತಿಯ ಟ್ರ್ಯಾಕ್ಟರು ತಯಾರಿಸತೊಡಗಿತು. ಆ ಟ್ರ್ಯಾಕ್ಟರು ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಕಾರ್ಖಾನೆ ಮುಚ್ಚಿತೆಂದು ಹೊಲದಲ್ಲಿದ್ದ ಟ್ರ್ಯಾಕ್ಟರುಗಳೆಲ್ಲ ಅಂದೇ ನಿಂತುಹೋಗಲಿಲ್ಲ. ಕಂಪನಿ ಹೋದ ಮೇಲೂ ಯಂತ್ರ ಬದುಕುವುದು ಲೇತಿನ ಮುಂದೆ ನಿಂತು ಬುಷ್ ಕಡೆಯುವ ನಮ್ಮ ಮೇಸ್ತ್ರಿಗಳಿಂದ. ಆ ಕೈಕಸಬು ಬೀಜ ಗೊಬ್ಬರಗಳಷ್ಟೇ ಬೇಸಾಯಕ್ಕೆ ಅಗತ್ಯ.

ಲೆಕ್ಕ ಹೀಗಿದೆ

ಲೆಕ್ಕ ತಿಳಿಯಲೆಂದು ಕೆಲವು ಊಹೆಯ ಅಂಕಿಗಳನ್ನು ಇಟ್ಟುಕೊಳ್ಳೋಣ. ನಿಮ್ಮ ಸ್ವಂತ ಅಂಕಿಗಳನ್ನು ಅವುಗಳ ಜಾಗದಲ್ಲಿ ಬರೆದುಕೊಳ್ಳಿ. ಹೊಸ ಟ್ರ್ಯಾಕ್ಟರಿಗೆಂದು ಶೇಕಡ 10ರ ಬಡ್ಡಿಯಲ್ಲಿ 6 ಲಕ್ಷ ರೂಪಾಯಿ ಸಾಲ ಮಾಡಿದರೆ ಮೊದಲ ವರ್ಷದ ಬಡ್ಡಿಯೇ 60,000. ವರ್ಷಕ್ಕೆ 300 ಗಂಟೆ ಕೆಲಸವಿದ್ದರೆ ಗಂಟೆಗೆ 200 ರೂಪಾಯಿ ಬಡ್ಡಿಗೇ ಹೋಯಿತು. ಅಸಲೂ ಸವಕಳಿಯೂ ಇದರಲ್ಲಿ ಸೇರಿಲ್ಲ.

ಹಳೆಯದಕ್ಕೆ 80,000 ಖರ್ಚು ಮಾಡಿ ಎಂಜಿನ್ ಬಿಚ್ಚಿ ಕಟ್ಟಿಸಿದಿರಿ, ಅದು ಐದು ವರ್ಷ ಬಂದಿತು ಎನ್ನೋಣ. ವರ್ಷಕ್ಕೆ 16,000 ಆಯಿತು. ಸಣ್ಣಪುಟ್ಟ ರಿಪೇರಿಗೆ 14,000 ಸೇರಿಸಿ. ಒಟ್ಟು 30,000, ಅಂದರೆ ಗಂಟೆಗೆ 100 ರೂಪಾಯಿ. ಹೊಸದಕ್ಕಿಂತ ಗಂಟೆಗೆ ಅರ್ಧ ಲೀಟರು ಡೀಸೆಲ್ ಹೆಚ್ಚಿಗೆ ಕುಡಿದರೆ ಇನ್ನೊಂದು 45 ರೂಪಾಯಿ. ಆದರೂ ಗಂಟೆಗೆ 55ರಂತೆ ವರ್ಷಕ್ಕೆ 16,500 ರೂಪಾಯಿ ಉಳಿತಾಯ.

ಇಲ್ಲಿಗೆ ಲೆಕ್ಕ ನಿಲ್ಲಿಸುವವರು ಬಹಳ ಮಂದಿ. ಮುಂದಿನ ಸಾಲನ್ನೂ ಬರೆಯಿರಿ. ಹದದ ದಿನ ಯಂತ್ರ ನಿಂತು, ನಾಲ್ಕು ಎಕರೆಯಲ್ಲಿ ಎಕರೆಗೆ 2 ಕ್ವಿಂಟಲಿನಂತೆ ರಾಗಿ ಕಡಿಮೆಯಾದರೆ 8 ಕ್ವಿಂಟಲ್ ನಷ್ಟ. ಕ್ವಿಂಟಲಿಗೆ 4,000 ಎಂದು ಹಿಡಿದರೆ 32,000 ರೂಪಾಯಿ! ಎರಡು ವರ್ಷದ ಉಳಿತಾಯ ಹೆಚ್ಚುಕಡಿಮೆ ಒಂದೇ ವಾರದಲ್ಲಿ ಹೋಯಿತು.

ಆದಕಾರಣ ನನ್ನ ಅಭಿಪ್ರಾಯ ಇಷ್ಟೇ. ಹಳೆಯ ಯಂತ್ರವನ್ನು ಇಟ್ಟುಕೊಳ್ಳಿ, ಆದರೆ ಮಳೆಗೆ ಮುಂಚೆ ಅದನ್ನು ಸಿದ್ಧ ಮಾಡುವ ಶಿಸ್ತಿದ್ದರೆ ಮಾತ್ರ. ಆ ಶಿಸ್ತು ಇಲ್ಲದ ಮನೆಯಲ್ಲಿ ಹಳೆಯ ಯಂತ್ರ ಅಗ್ಗವಲ್ಲ, ಬಲು ದುಬಾರಿ.

ಸುಗ್ಗಿಯ ನಂತರ ಗ್ಯಾರೇಜು, ಮಳೆಯ ನಂತರ ಹೊಲ

ಕಣದ ಕೆಲಸ ಮುಗಿದ ಮೇಲೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಯಂತ್ರಕ್ಕೆ ಬಿಡುವು, ಮೆಕ್ಯಾನಿಕ್ಕಿಗೂ ಒತ್ತಡ ಕಡಿಮೆ. ದೊಡ್ಡ ರಿಪೇರಿಯೆಲ್ಲ ಆಗಲೇ ಆಗಬೇಕು. ಮೇ ತಿಂಗಳಲ್ಲಿ ಆಲೂಗಡ್ಡೆ ಬಿತ್ತನೆ ಬರುವ ಹೊತ್ತಿಗೆ ಯಂತ್ರ ಒಂದು ದಿನ ಭಾರ ಎಳೆದು ತೋರಿಸಿರಬೇಕು. ಉಳಿದದ್ದು ದಿನದಿನದ ಆರೈಕೆ. ಎತ್ತಿಗೆ ಮೇವು ಹಾಕದೆ, ಕಾಲು ನೋಡದೆ ನೊಗಕ್ಕೆ ಕಟ್ಟುತ್ತಿದ್ದೆವೆ? ಯಂತ್ರಕ್ಕೂ ಅದೇ ನ್ಯಾಯ.

ಗಾಳಿ: ರಾಗಿ ಒಕ್ಕಣೆಯ ಧೂಳು, ಕೆಂಪು ಮಣ್ಣಿನ ಧೂಳು ಎಂಜಿನ್ನಿಗೆ ವಿಷ. ಏರ್ ಕ್ಲೀನರಿನ ಎಣ್ಣೆಯ ಬಟ್ಟಲನ್ನು ಧೂಳಿನ ಕೆಲಸವಿರುವಾಗ ದಿನವೂ ಬಿಚ್ಚಿ ನೋಡಿ. ಎಣ್ಣೆ ರಾಡಿಯಾಗಿದ್ದರೆ ಚೆಲ್ಲಿ, ಬಟ್ಟಲು ತೊಳೆದು, ಗುರುತಿನವರೆಗೆ ಮಾತ್ರ ತುಂಬಿ.

ಡೀಸೆಲ್: ಸಂಜೆ ಕೆಲಸ ಮುಗಿದ ಕೂಡಲೇ ಟ್ಯಾಂಕು ತುಂಬಿಡಿ. ಖಾಲಿ ಟ್ಯಾಂಕಿನ ಗಾಳಿಯ ತೇವ ರಾತ್ರಿ ತಂಪಿಗೆ ನೀರಾಗಿ ಇಳಿಯುತ್ತದೆ. ಕ್ಯಾನಿನ ತಳದ ಎಣ್ಣೆಯನ್ನು ಟ್ಯಾಂಕಿಗೆ ಸುರಿಯಬೇಡಿ. ಪೈಪಿನ ಸೋರಿಕೆಯನ್ನು ಸಣ್ಣದೆಂದು ಬಿಡಬೇಡಿ. 20 ಹನಿಗೆ ಒಂದು ಮಿಲಿಲೀಟರ್ ಎಂದರೂ, ಸೆಕೆಂಡಿಗೊಂದು ಹನಿ ತೊಟ್ಟಿಕ್ಕಿದರೆ ದಿನಕ್ಕೆ ನಾಲ್ಕು ಲೀಟರಿಗೂ ಮೇಲೆ ಹೋಗುತ್ತದೆ. ಫಿಲ್ಟರ್ ಬದಲಿಸಿ ಪೈಪಿನೊಳಗಿನ ಗಾಳಿ ತೆಗೆಯುವ ಕೆಲಸವನ್ನು ಮನೆಯಲ್ಲಿ ಒಬ್ಬರಾದರೂ ಕಲಿತಿರಬೇಕು. ಇನ್ನೊಂದು ಮಾತು. ಹಾಸನದ ಹತ್ತಿರ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವಿದೆಯಲ್ಲ, ಹೊಂಗೆ ಎಣ್ಣೆಯನ್ನೇ ಸುರಿಯಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಗಾಣದಿಂದ ಬಂದ ಹಸಿ ಹೊಂಗೆ ಎಣ್ಣೆ ಮಂದವಾಗಿದ್ದು ನಾಜಲಿಗೆ ಮಸಿ ಕಟ್ಟುತ್ತದೆ. ಅದನ್ನು ಸಂಸ್ಕರಿಸಿ ಜೈವಿಕ ಡೀಸೆಲ್ ಮಾಡಿದ ಮೇಲೆಯೇ ಬಳಸಬೇಕು.

ಎಂಜಿನ್ ಆಯಿಲ್: ಬಣ್ಣ ನೋಡಿ ಬದಲಿಸಬೇಡಿ, ಗಂಟೆ ನೋಡಿ ಬದಲಿಸಿ. ನಿಮ್ಮ ಯಂತ್ರದ ಕೈಪಿಡಿ ಹೇಳಿದಷ್ಟು ಗಂಟೆಗೆ ಆಯಿಲ್ಲೂ ಅದರ ಫಿಲ್ಟರೂ ಒಟ್ಟಿಗೆ ಬದಲಾಗಬೇಕು. ಹಳೆಯ ಆಯಿಲನ್ನು ಬಾವಿ ಕೆರೆಗಳ ಬಳಿ ಚೆಲ್ಲಬಾರದು.

ನೀರು: ಕೊಳವೆ ಬಾವಿಯ ಗಡಸು ನೀರು ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ಮನೆಯ ಹೆಂಗಸರು ಬಲ್ಲರು. ರೇಡಿಯೇಟರಿನೊಳಗೂ ಅದೇ ಆಗುತ್ತದೆ. ಮಳೆ ನೀರನ್ನು ಶೋಧಿಸಿ ಇದಕ್ಕೆಂದೇ ಎರಡು ಕ್ಯಾನು ತುಂಬಿಡಿ.

ಹೊಗೆಯ ಬಣ್ಣವನ್ನೂ ಓದಲು ಕಲಿಯಿರಿ. ಕಪ್ಪು ಹೊಗೆ ಬಂದರೆ ಗಾಳಿ ಸಾಲದು, ನಾಜಲ್ ಕೆಟ್ಟಿದೆ ಇಲ್ಲವೆ ಭಾರ ಹೆಚ್ಚಾಗಿದೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ರಿಂಗುಗಳು ಸವೆದಿರಬಹುದು. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ ಅಥವಾ ನೀರು ಒಳಗೆ ಸೇರುತ್ತಿದೆ.

ಇವೆಲ್ಲವನ್ನೂ ಹತ್ತು ರೂಪಾಯಿಯ ನೋಟ್‌ಬುಕ್ಕಿನಲ್ಲಿ ಬರೆದಿಡಿ: ದಿನಾಂಕ, ಓಡಿದ ಗಂಟೆ, ಹಾಕಿದ ಡೀಸೆಲ್, ಮಾಡಿಸಿದ ರಿಪೇರಿ, ನಿಂತುಹೋದ ದಿನಗಳು. ಯಂತ್ರ ಇಡಬೇಕೋ ಮಾರಬೇಕೋ ಎಂಬುದನ್ನು ಆ ಪುಸ್ತಕವೇ ಹೇಳುತ್ತದೆ.

ಯಾವಾಗ ಬೀಳ್ಕೊಡಬೇಕು

ಹದಿನೈದು ವರ್ಷ ಮೀರಿದ್ದನ್ನೆಲ್ಲ ಸರ್ಕಾರ ಗುಜರಿಗೆ ಎಳೆದೊಯ್ಯುತ್ತದೆ ಎಂಬ ಹೆದರಿಕೆ ಹಳ್ಳಿಗಳಲ್ಲಿದೆ. 2021ರಲ್ಲಿ ಪ್ರಕಟವಾದ ಕೇಂದ್ರದ ಗುಜರಿ ನೀತಿಯಲ್ಲಿ ಖಾಸಗಿಯವರ ವಾಹನಕ್ಕೆ ಮುಖ್ಯವಾದದ್ದು ವಯಸ್ಸಲ್ಲ, ಯೋಗ್ಯತಾ ಪರೀಕ್ಷೆ. ಟ್ರ್ಯಾಕ್ಟರಿನ ನೋಂದಣಿ 15 ವರ್ಷಕ್ಕೆ ಮುಗಿದರೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬಹುದು. ಹಳೆಯ ಲಾರಿಗೆ ವರ್ಷವರ್ಷವೂ ಯೋಗ್ಯತಾ ಪತ್ರ ಬೇಕು. ಇದನ್ನು ಕಿರುಕುಳವೆಂದು ಎಣಿಸಬೇಡಿ.

ಏಕೆಂದರೆ ಒಂದು ವಿಷಯದಲ್ಲಿ ರಾಜಿ ಕೂಡದು. ಹೊಲದಲ್ಲಿ ನಿಂತ ಎಂಜಿನ್ ಬೆಳೆ ಕೆಡಿಸುತ್ತದೆ, ರಸ್ತೆಯಲ್ಲಿ ಹಿಡಿಯದ ಬ್ರೇಕು ಜೀವ ತೆಗೆಯುತ್ತದೆ. ಬ್ರೇಕು, ಸ್ಟೀರಿಂಗು, ದೀಪ ಸರಿಯಿಲ್ಲದ ಲಾರಿಗೆ ತೆಂಗಿನಕಾಯಿ ಹೇರಬೇಡಿ. ಟ್ರೈಲರಿನಲ್ಲಿ ಜನರನ್ನು ಕೂರಿಸಿ ಜಾತ್ರೆಗೆ ಒಯ್ಯಬೇಡಿ. ಟ್ರೈಲರಿನ ಹಿಂದೆ ಪ್ರತಿಫಲಕ ಪಟ್ಟಿ ಅಂಟಿಸಿ. ಒಕ್ಕಣೆ ಯಂತ್ರಕ್ಕೆ ತಿರುಗುವ ಶಾಫ್ಟಿನ ಮೇಲೆ ಮುಚ್ಚಳವಿಲ್ಲದೆ ಸೀರೆ, ಪಂಚೆ, ಟವೆಲ್ಲಿನವರು ಹತ್ತಿರ ಸುಳಿಯಬಾರದು.

ಚಾಸಿಸ್ ಬಿರುಕುಬಿಟ್ಟಿದ್ದರೆ, ಬಿಡಿಭಾಗ ಎಲ್ಲಿಯೂ ಸಿಗದಿದ್ದರೆ, ಪುಸ್ತಕದಲ್ಲಿ ಎರಡು ವರ್ಷ ಸತತವಾಗಿ ರಿಪೇರಿಯ ಖರ್ಚು ಬಾಡಿಗೆಯ ಖರ್ಚನ್ನು ಮೀರಿದ್ದರೆ, ಮಮತೆ ಬಿಟ್ಟು ಯಂತ್ರವನ್ನು ಬೀಳ್ಕೊಡಿ. ಹಾಗೆಂದು ಮರುದಿನವೇ ಸಾಲಕ್ಕೆ ಓಡಬೇಕಾಗಿಲ್ಲ. ಕರ್ನಾಟಕ ಸರ್ಕಾರ 2014ರಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆ ಯೋಜನೆಯಡಿ ಬಾಡಿಗೆ ಕೇಂದ್ರಗಳು ತೆರೆದವು. ಮೂರು ನಾಲ್ಕು ಎಕರೆಯವರಿಗೆ ಸ್ವಂತ ಯಂತ್ರಕ್ಕಿಂತ ಬಾಡಿಗೆಯೇ ಲೇಸಾಗಬಹುದು. ಆದರೆ ಹದ ಎಲ್ಲರಿಗೂ ಒಂದೇ ದಿನ ಬರುತ್ತದೆಂಬುದನ್ನು ನೆನೆದು ಮುಂಚೆಯೇ ಮಾತಾಡಿಕೊಳ್ಳಿ.

ಕೊನೆಯದಾಗಿ ಒಂದು ಸಲಹೆ. ಒಂದೇ ಮಾದರಿಯ ಟ್ರ್ಯಾಕ್ಟರು ಅಥವಾ ಟಿಲ್ಲರು ಇರುವ ಐದಾರು ಮನೆಯವರು ಸೇರಿ ಒಂದು ಪೆಟ್ಟಿಗೆ ಮಾಡಿ. ಎರಡು ಜೊತೆ ಡೀಸೆಲ್ ಫಿಲ್ಟರು, ಫ್ಯಾನ್ ಬೆಲ್ಟು, ತಾಮ್ರದ ವಾಷರುಗಳು, ರೇಡಿಯೇಟರ್ ಹೋಸು, ಒಂದು ನಾಜಲ್ ಅದರಲ್ಲಿರಲಿ. ಊರಿನ ಒಬ್ಬ ಯುವಕನನ್ನೋ ಯುವತಿಯನ್ನೋ ತರಬೇತಿಗೆ ಕಳುಹಿಸಿ. ನೆರೆಯ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಸಂಸ್ಥೆಯೇ ಇದೆ. ನಮ್ಮ ಹಳೆಯ ಮೇಸ್ತ್ರಿಗಳ ಕೈಯಲ್ಲಿರುವ ವಿದ್ಯೆ ಅವರೊಡನೆ ಮುಗಿಯದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ.

ಮೋಡ ಕಟ್ಟಿದ ಮೇಲೆ ಬೀಜದ ಚೀಲ ಹುಡುಕುವವನನ್ನು ನಾವು ಜಾಣ ರೈತ ಎನ್ನುವುದಿಲ್ಲ. ಮೋಡ ಕಟ್ಟಿದ ಮೇಲೆ ಪಾನ ಹುಡುಕುವವನೂ ಹಾಗೆಯೇ. ಈ ಸಲ ರೋಹಿಣಿ ಮಳೆಗೆ ಮುಂಚೆ ನಿಮ್ಮ ಕೊಟ್ಟಿಗೆಯ ಯಂತ್ರವನ್ನು ಒಮ್ಮೆ ಓಡಿಸಿ ನೋಡಿ.