24 ತಾಸು ಕೂಸಿನವು

ಅರ್ಧ ಮಿಲಿಲೀಟರ್ ಲಸಿಕೆ, ತೊಡೆಗೆ ಒಂದು ಚುಚ್ಚು, ಹುಟ್ಟಿದ 24 ತಾಸಿನೊಳಗೆ. ಹೆಪಟೈಟಿಸ್ ಬಿ ತಾಯಿಯಿಂದ ಕೂಸಿಗೆ ದಾಟದ ಹಾಗೆ ತಡೆಯಲು ಮೊದಲು ಬೇಕಾದದ್ದು ಇಷ್ಟೇ. ಇಷ್ಟನ್ನೂ ತಪ್ಪಿಸಿದವರು, ಆ ಕೂಸು ದೊಡ್ಡದಾದ ಮೇಲೆ ಬರುವ ಸಾವಿಗೆ ಇವತ್ತೇ ರುಜು ಹಾಕಿದವರು. ಇದನ್ನು ಮೆತ್ತಗೆ ಹೇಳುವ ತಾಳ್ಮೆ ನನ್ನಲ್ಲಿ ಉಳಿದಿಲ್ಲ.

ದೊಡ್ಡವರಿಗೆ ಈ ವೈರಸ್ ತಗುಲಿದರೆ ನೂರರಲ್ಲಿ 95 ಮಂದಿ ಗುಣವಾಗುತ್ತಾರೆ. ಹೆರಿಗೆಯ ಹೊತ್ತಿಗೆ ತಾಯಿಯ ರಕ್ತದಿಂದ ಕೂಸಿಗೆ ದಾಟಿತೋ, ನೂರರಲ್ಲಿ ಸುಮಾರು 90 ಕೂಸುಗಳಲ್ಲಿ ಅದು ಬೀಡು ಬಿಡುತ್ತದೆ. ಮೇಲೆ ಏನೂ ಕಾಣುವುದಿಲ್ಲ. ಮಗು ಶಾಲೆಗೆ ಹೋಗುತ್ತದೆ, ಬೆಳೆದು ಕಬ್ಬು ಕಡಿಯುತ್ತದೆ, ಮಗ್ಗದ ಮುಂದೆ ಕೂರುತ್ತದೆ, ಮದುವೆಯಾಗುತ್ತದೆ. ಒಂದು ದಿನ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಊರವರು ಕಾಮಣಿ ಎಂದು ತೋಳಿಗೆ ಬರೆ ಹಾಕಿಸುತ್ತಾರೆ, ನಾಟಿ ಔಷಧಿ ಕುಡಿಸುತ್ತಾರೆ. ಲಿವರ್ ಹೋಗಿದೆ ಎಂದು ಡಾಕ್ಟರು ಹೇಳಿದರೆ, ಕುಡುಕನಿರಬೇಕು ಅನ್ನುತ್ತಾರೆ. ಜೀವನದಲ್ಲಿ ಒಂದು ಹನಿ ಮುಟ್ಟದವನಿಗೂ ಅದೇ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ನಮ್ಮ ದೇಶದಲ್ಲಿ ಈ ಸೋಂಕು ಹೊತ್ತವರು 2.98 ಕೋಟಿ.

ಮದ್ದಿಲ್ಲದ ಕಾಲವೇ ಇದು? ಲಸಿಕೆ ದುಬಾರಿ ಎಂಬ ನೆಪ 1997ರಲ್ಲೇ ಮುಗಿಯಿತು, ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ದೇಶದೊಳಗೇ ಅಗ್ಗದಲ್ಲಿ ತಯಾರಿಸಿದಾಗ. 2007-08ರಲ್ಲಿ ಈ ಲಸಿಕೆಯನ್ನು ಸರ್ಕಾರಿ ಕಾರ್ಯಕ್ರಮಕ್ಕೆ ಸೇರಿಸಿದ ಹತ್ತು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2011ಕ್ಕೆ ಇಡೀ ದೇಶಕ್ಕೆ ಬಂತು. ಗರ್ಭಿಣಿಯರ ರಕ್ತ ಪರೀಕ್ಷಿಸಿ ತಾಯಿ-ಮಗು ಇಬ್ಬರಿಗೂ ಪುಕ್ಕಟೆ ಔಷಧಿ ಕೊಡುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 2018ರ ಜುಲೈ 28ಕ್ಕೆ. ಕಾಗದದ ಮೇಲೆ ಎಲ್ಲವೂ ಇದೆ.

ಈಗ ಹೆರಿಗೆ ಕೋಣೆಗೆ ಬನ್ನಿ. ಶನಿವಾರ ರಾತ್ರಿ ಹನ್ನೊಂದಕ್ಕೆ ಕೂಸು ಹುಟ್ಟಿತೆನ್ನಿ. ಅಳುತ್ತದೆ, ತೂಗುತ್ತಾರೆ, ಒರೆಸಿ ಅವ್ವನ ಎದೆಗೆ ಹಾಕುತ್ತಾರೆ. ಲಸಿಕೆ ಇನ್ನೊಂದು ಕೋಣೆಯ ಫ್ರಿಜ್ಜಿನಲ್ಲಿದೆ, ಕೋಣೆಗೆ ಬೀಗ, ಕೀಲಿ ಇರುವವರು ಮನೆಯಲ್ಲಿ. ಮರುದಿನ ಭಾನುವಾರ. ಸೋಮವಾರ ಶೀಶೆ ಹೊರಬರುವ ಹೊತ್ತಿಗೆ ಆ 24 ತಾಸು ಕಳೆದುಹೋಗಿವೆ. ಕೀಲಿ ಸಿಕ್ಕರೂ ಇನ್ನೊಂದು ತಕರಾರು: ಶೀಶೆಯಲ್ಲಿ ಹತ್ತು ಡೋಸು, ಒಂದು ಕೂಸಿಗಾಗಿ ಒಡೆದರೆ ಒಂಬತ್ತು ಹಾಳು. ಈ ಲೆಕ್ಕವೇ ಸುಳ್ಳು. ಬಿಸಿಜಿ ಶೀಶೆಯನ್ನು ನಾಲ್ಕು ತಾಸಿಗೆ ಚೆಲ್ಲಬೇಕು, ನಿಜ. ಹೆಪಟೈಟಿಸ್ ಬಿ ಶೀಶೆಗೆ ಒಡೆದ ದಿನಾಂಕ ಬರೆದು, 2ರಿಂದ 8 ಡಿಗ್ರಿಯಲ್ಲಿಟ್ಟರೆ 28 ದಿನ ಬಳಸಬಹುದು. ಸರ್ಕಾರದ್ದೇ ನಿಯಮ ಇದು. ಒಂದು ವೇಳೆ ಒಂಬತ್ತು ಡೋಸು ಹಾಳಾದವು ಅನ್ನಿ. ಬಡವರ ಕೂಸಿನ ಲಿವರ್‌ಗಿಂತ ಆ ಒಂಬತ್ತು ಡೋಸು ಹೆಚ್ಚೇ?

ನಮ್ಮ ಬೆಳಗಾವಿ ಕಡೆಯ ಇನ್ನೊಂದು ಸಂಗತಿಯನ್ನು ಬೆಂಗಳೂರಿನಲ್ಲಿ ಕೂತು ಆದೇಶ ಬರೆಯುವವರು ಎಣಿಸುವುದೇ ಇಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ. ರಾಮದುರ್ಗದ ಸೊಸೆ ಹೆರುವುದು ಸವದತ್ತಿಯಲ್ಲಿ, ಕಿತ್ತೂರಿನವಳು ಬೈಲಹೊಂಗಲದಲ್ಲಿ. ರಕ್ತ ತೆಗೆದದ್ದು ಒಂದು ತಾಲೂಕಿನಲ್ಲಿ, ವರದಿ ಅತ್ತೆಮನೆಯ ಟ್ರಂಕಿನಲ್ಲಿ, ನೋವು ಶುರುವಾದದ್ದು ಇನ್ನೊಂದು ತಾಲೂಕಿನಲ್ಲಿ. ತಾಯಿ ಕಾರ್ಡಿನಲ್ಲಿ ಹೆಪಟೈಟಿಸ್ ಬಿ ಸಾಲು ಖಾಲಿ ಇದ್ದರೆ ನಡುರಾತ್ರಿ ಯಾರೂ ಕೇಳುವುದಿಲ್ಲ. ಅದಕ್ಕೇ ಹೇಳುವುದು, ವರದಿ ಇರಲಿ ಬಿಡಲಿ, ಹುಟ್ಟಿದ ಪ್ರತಿ ಕೂಸಿಗೂ ಚುಚ್ಚಲೇಬೇಕು.

ವರದಿ ಪಾಸಿಟಿವ್ ಬಂದರೆ ಕಥೆ ಇನ್ನೂ ಹೇಸಿಗೆ. ಕೆಲವು ಖಾಸಗಿ ದವಾಖಾನೆಗಳ ಬಾಗಿಲು ಮುಚ್ಚುತ್ತದೆ. "ಬೆಳಗಾವಿಗೆ ಒಯ್ಯಿರಿ" ಎಂಬ ಚೀಟಿ ಕೈಗೆ ಬರುತ್ತದೆ. ರಾಮದುರ್ಗದಿಂದ ಬೆಳಗಾವಿ ಸುಮಾರು ನೂರು ಕಿಲೋಮೀಟರು. ಮನೆಯಲ್ಲಿ ಬಸುರಿಯ ನಡತೆಯ ವಿಚಾರಣೆ ಶುರುವಾಗುತ್ತದೆ. ಎಚ್‌ಐವಿ ಹಬ್ಬಿದಾಗ ಯಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಹೆಣ್ಣುಮಕ್ಕಳ ತಲೆಗೆ ಪಾಪವನ್ನೆಲ್ಲ ಕಟ್ಟಿ ಕೈ ತೊಳೆದುಕೊಂಡ ಸೀಮೆ ನಮ್ಮದು. ಕೇಳಿ: ಈ ಬಸುರಿಗೆ ಹೆಪಟೈಟಿಸ್ ಬಿ ವೈರಸ್ ಬಹುಮಟ್ಟಿಗೆ ಬಂದಿರುವುದು ತನ್ನ ಅವ್ವನಿಂದ, ತಾನು ಹುಟ್ಟುವಾಗ, ಇಲ್ಲವೇ ಬಾಲ್ಯದಲ್ಲಿ. ಅವಳಿಗೆ ಆ ಚುಚ್ಚುಮದ್ದು ಕೊಡದ ವ್ಯವಸ್ಥೆ ಕಟಕಟೆಯಲ್ಲಿ ನಿಲ್ಲಬೇಕಿತ್ತು, ನಿಂತವಳು ಅವಳು.

ಪಾಸಿಟಿವ್ ಎಂದರೆ ಬಸಿರು ಕೆಟ್ಟಿತು ಎಂದರ್ಥವಲ್ಲ. ರಕ್ತದಲ್ಲಿ ವೈರಸ್ ಬಹಳ ಇದ್ದರೆ ಏಳನೇ ತಿಂಗಳಿನಿಂದ ಟೆನೊಫೊವಿರ್ ಗುಳಿಗೆ. ಹುಟ್ಟಿದ ಕೂಸಿಗೆ ಒಂದು ತೊಡೆಗೆ ಲಸಿಕೆ, ಇನ್ನೊಂದಕ್ಕೆ ಇಮ್ಯುನೊಗ್ಲಾಬ್ಯುಲಿನ್. ಈ ಇಮ್ಯುನೊಗ್ಲಾಬ್ಯುಲಿನ್ ಹೊರಗೆ ಕೊಂಡರೆ ಸಾವಿರಾರು ರೂಪಾಯಿ, ಸರ್ಕಾರದ ಕಾರ್ಯಕ್ರಮದಲ್ಲಿ ಪುಕ್ಕಟೆ. ಆಮೇಲೆ 6, 10, 14 ವಾರಕ್ಕೆ ಹೆಪಟೈಟಿಸ್ ಬಿ ಕೂಡ ಸೇರಿರುವ ಪೆಂಟಾವಲೆಂಟ್ ಲಸಿಕೆ. ಈ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಎದೆಹಾಲು ಬಿಡಿಸಬೇಕಿಲ್ಲ, ಬಿಡಿಸುವವರು ಕೂಸಿಗೆ ಇನ್ನೊಂದು ಅನ್ಯಾಯ ಮಾಡುತ್ತಿದ್ದಾರೆ.

ನಮ್ಮ ನರ್ಸಮ್ಮಂದಿರ ಕೈಲಿ ಆಗದ ಕೆಲಸವೇ? ಇದೇ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ ಅವರು 1620 ಬಾಣಂತಿಯರ ಅಧ್ಯಯನ ನಡೆಸಿಕೊಟ್ಟರು. ಹೆತ್ತ ಕೂಡಲೇ ಮಿಸೊಪ್ರೊಸ್ಟಾಲ್ ಗುಳಿಗೆ ನುಂಗಿಸಿದರೆ ವಿಪರೀತ ರಕ್ತಸ್ರಾವ ಅರ್ಧದಷ್ಟು ಇಳಿಯುತ್ತದೆಂದು ತೋರಿಸಿಕೊಟ್ಟರು. 2006ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಅದು ಬಂತು, ಜಗತ್ತು ಓದಿತು. ಅವರ ಕೈಗೆ ಕೀಲಿ ಕೊಡಿ, ಹೆರಿಗೆ ಕೋಣೆಯ ಪಕ್ಕದಲ್ಲೇ ಫ್ರಿಜ್ಜು ಇಡಿ, ಶೀಶೆ ಒಡೆದರೆ ನೋಟಿಸು ಕೊಡುವುದಿಲ್ಲವೆಂದು ಬರೆದು ಕೊಡಿ.

ದತ್ತು ಮಗುವಿನ ಹಕ್ಕನ್ನು ಕಂಪನಿ ಸರ್ಕಾರ ಒಪ್ಪದಿದ್ದಾಗ 1824ರಲ್ಲಿ ಯುದ್ಧಕ್ಕೆ ನಿಂತ ನೆಲ ಕಿತ್ತೂರು. ಆ ಯುದ್ಧ ನಡೆಸಿದ ರಾಣಿ ಚನ್ನಮ್ಮನ ಸಮಾಧಿ ಇರುವ ಊರು ಬೈಲಹೊಂಗಲ. ವರ್ಷಾ ವರ್ಷಾ ಅಕ್ಟೋಬರಿನಲ್ಲಿ ಉತ್ಸವದ ವೇದಿಕೆ ಹತ್ತುವ ಮಂತ್ರಿಗಳೇ, ಶಾಸಕರೇ, ರಾಮದುರ್ಗ, ಸವದತ್ತಿ, ಕಿತ್ತೂರು, ಬೈಲಹೊಂಗಲ ಈ ನಾಲ್ಕು ತಾಲೂಕುಗಳಲ್ಲಿ ಕಳೆದ ವರ್ಷ ಹುಟ್ಟಿದ ಕೂಸುಗಳೆಷ್ಟು, 24 ತಾಸಿನೊಳಗೆ ಲಸಿಕೆ ಸಿಕ್ಕವೆಷ್ಟು, ಆ ವೇದಿಕೆಯಿಂದಲೇ ಓದಿ ಹೇಳಿ.

ಬಸುರಿ ಇರುವ ಮನೆಯವರಲ್ಲಿ ನನ್ನ ಮಾತು ಇಷ್ಟು. ತವರಿಗೆ ಹೊರಡುವಾಗ ಸೀರೆಗಿಂತ ಮೊದಲು ತಾಯಿ ಕಾರ್ಡು ಚೀಲಕ್ಕೆ ಹಾಕಿ. ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಕೂಸು ಹುಟ್ಟಿದ ಗಳಿಗೆ ಹೇಗೂ ಬರೆದಿಡುತ್ತೀರಿ; ಲಸಿಕೆ ಚುಚ್ಚಿದ ಗಳಿಗೆಯನ್ನೂ ಕಾರ್ಡಿನಲ್ಲಿ ಬರೆಸಿ. ತಡವಾದರೂ ಚುಚ್ಚಿಸದೆ ಬರಬೇಡಿ, ಮತ್ತು ತಡವಾದದ್ದು ಯಾಕೆಂದು ಬರೆದು ಕೊಡಿರೆಂದು ಕೇಳಿ.