ಬಿಟ್ಟಳೋ, ಬಿಡಿಸಿದರೋ?



ವರದಕ್ಷಿಣೆ, ಹೊಡೆತ-ಬಡಿತದ ಬಗ್ಗೆ ಬರೆಯುವ ಈ ಪತ್ರಿಕೆಯಲ್ಲಿ ಬಾಣಂತಿಯ ನೌಕರಿಯ ಮಾತು ಯಾಕೆ ಎಂದು ನೀವು ಕೇಳಬಹುದು. ಅಂಕೋಲೆಯ ನಮ್ಮ ಸಂಘದ ಉಳಿತಾಯದ ಪುಸ್ತಕವನ್ನು ಹಲವು ವರ್ಷಗಳಿಂದ ಬರೆಯುತ್ತಿರುವವಳು ನಾನು. ಒಬ್ಬಳ ಮನೆಯಲ್ಲಿ ಏನೋ ಕೆಟ್ಟಿದೆ ಎಂಬುದು ಅವಳ ಮುಖಕ್ಕಿಂತ ಮೊದಲು ಆ ಪುಸ್ತಕದಲ್ಲಿ ಕಾಣುತ್ತದೆ. ವಾರದ ಕಂತು ನಿಲ್ಲುತ್ತದೆ. ವಿಚಾರಿಸಿದರೆ ಹೆರಿಗೆಯಾಗಿ ಏಳೆಂಟು ತಿಂಗಳಾಗಿರುತ್ತದೆ, "ಕೆಲಸ ಬಿಟ್ಟೆ ಅಕ್ಕಾ" ಎನ್ನುತ್ತಾಳೆ. ಅಲ್ಲಿಂದ ಮುಂದೆ ಸೋಪು ತರುವುದಕ್ಕೂ ಗಂಡನ ಮುಂದೆ ಕೈಯೊಡ್ಡಬೇಕು. ತವರಿನಿಂದ ತೊಟ್ಟಿಲಿನ ಜೊತೆ ಬಂಗಾರ ಬರಲಿಲ್ಲ ಎಂಬ ಚುಚ್ಚುಮಾತು ಶುರುವಾಗುವುದೂ ಇದೇ ಹೊತ್ತಿಗೆ. ತನ್ನದೆಂಬ ನಾಲ್ಕು ಕಾಸು ಕೈಯಲ್ಲಿಲ್ಲದವಳು ಅದಕ್ಕೆ ಏನೆಂದು ಉತ್ತರ ಕೊಟ್ಟಾಳು?

ಅದಕ್ಕೇ ನನ್ನ ಪ್ರಶ್ನೆ: ಅವಳು ಕೆಲಸ ಬಿಟ್ಟಳೋ, ಬಿಡಿಸಿದರೋ?

ನಮ್ಮ ಸದಸ್ಯೆಯೊಬ್ಬಳು ಕಾರವಾರದ ದೊಡ್ಡ ಬಟ್ಟೆ ಅಂಗಡಿಯೊಂದಕ್ಕೆ ಅಂಕೋಲೆಯಿಂದ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದಳು. ಬಾಣಂತನ ಮುಗಿಸಿ ಹೋದಾಗ ಧಣಿಗಳು ಬೈಯಲಿಲ್ಲ. "ಕೂಸು ಸಣ್ಣದು, ಸ್ವಲ್ಪ ಬೆಳೆಯಲಿ, ಆಮೇಲೆ ನೋಡುವಾ" ಎಂದು ಚಹಾ ಕೊಟ್ಟು ಕಳಿಸಿದರು. ಎರಡನೇ ಸಲ ಹೋದಾಗ ಅವಳು ಕೂರುತ್ತಿದ್ದ ಕ್ಯಾಶ್ ಕೌಂಟರಿನಲ್ಲಿ ಬೇರೆ ಹುಡುಗಿ ಕೂತಿದ್ದಳು. ಬೇಕಾದರೆ ಗೋದಾಮಿನಲ್ಲಿ ಬಟ್ಟೆ ಮಡಚು, ಪಗಾರ ಮಾತ್ರ ಕಡಿಮೆ ಎಂದರು. ಮೂರನೇ ಸಲ ಅವಳು ಹೋಗಲಿಲ್ಲ. ಕೂಸಿಗಾಗಿ ಕೆಲಸ ಬಿಟ್ಟಳು, ಒಳ್ಳೆಯ ತಾಯಿ ಎಂದು ಕೇರಿಯೆಲ್ಲ ಹೊಗಳಿತು. ತೆಗೆದುಹಾಕಿದ್ದೇವೆ ಎಂಬ ಮಾತನ್ನು ಯಾರೂ ಆಡಲಿಲ್ಲ, ಒಂದು ಕಾಗದವೂ ಇಲ್ಲ. ಕೋಪದಿಂದ ಹೊರಹಾಕಿದರೆ ನಾವು ಜಗಳವಾಡುತ್ತೇವೆ; ಹೀಗೆ ಚಹಾ ಕೊಟ್ಟು ಕಳಿಸಿದರೆ ಏನು ಮಾಡಬೇಕೆಂದು ನಮಗೆ ತೋಚುವುದಿಲ್ಲ.

ಹೆರಿಗೆ ರಜೆ ಎಂದರೆ ಧಣಿ ತೋರಿಸುವ ದಯೆ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಲ್ಲೇ, 1929ರಲ್ಲಿ, ಕಾರ್ಖಾನೆಯ ಹೆಂಗಸರಿಗಾಗಿ ಆ ಪ್ರಾಂತ್ಯ ಹೆರಿಗೆ ಸೌಲಭ್ಯದ ಕಾಯ್ದೆ ಮಾಡಿತ್ತು. ಅದರ ಹಿಂದಿನ ವರ್ಷ ಶಾಸನಸಭೆಯಲ್ಲಿ ಈ ಮಸೂದೆಯ ಪರ ಮಾತಾಡಿದವರಲ್ಲಿ ಡಾ. ಅಂಬೇಡ್ಕರ್ ಒಬ್ಬರು, ತಾಯಿಗೆ ವಿಶ್ರಾಂತಿ ಕೊಡುವುದು ಇಡೀ ದೇಶದ ಹಿತದ ವಿಷಯ ಎಂಬುದು ಅವರ ವಾದ. 1961ರಲ್ಲಿ ಇಡೀ ದೇಶಕ್ಕೆ ಕಾಯ್ದೆ ಬಂತು. 2017ರಲ್ಲಿ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಬದುಕಿರುವ ಇಬ್ಬರು ಮಕ್ಕಳಿರುವವಳಿಗೆ ಮಾತ್ರ ಈಗಲೂ 12 ವಾರ. ಮೂರನೆಯ ಕೂಸಿಗೆ ಹಾಲು ಕಡಿಮೆ ಸಾಕೇ ಎಂದು ಯಾರಾದರೂ ಕೇಳಬೇಕಿತ್ತು. 2025ರ ನವೆಂಬರ್ 21ರಿಂದ ಆ ಹಳೆಯ ಕಾಯ್ದೆ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಹೋಗಿದೆ. ಹೆಸರು ಬದಲಾಗಿದೆ, ನಾನು ಇಲ್ಲಿ ಹೇಳುವ ಹಕ್ಕುಗಳು ಹೋಗಿಲ್ಲ.

ಹತ್ತು ಅಥವಾ ಹೆಚ್ಚು ಜನ ದುಡಿಯುವ ಅಂಗಡಿಗೂ ಇದು ಅನ್ವಯಿಸುತ್ತದೆ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿರಬೇಕು. ರಜೆಯಲ್ಲಿರುವಾಗ ಅಥವಾ ರಜೆ ಹಾಕಿದ ಕಾರಣಕ್ಕೆ ಅವಳನ್ನು ತೆಗೆಯುವಂತಿಲ್ಲ. ರಜೆಯಲ್ಲಿರುವಾಗ ಅವಳಿಗೆ ನಷ್ಟವಾಗುವಂತೆ ನೌಕರಿಯ ಷರತ್ತು ಬದಲಿಸುವಂತಿಲ್ಲ. ಇವಳು ಮನೆಯಲ್ಲಿ ಕೂಸಿಗೆ ಹಾಲೂಡಿಸುತ್ತಿದ್ದಾಗಲೇ ಕೌಂಟರ್ ಬೇರೆಯವಳ ಪಾಲಾಗಿ ಪಗಾರಕ್ಕೆ ಕತ್ತರಿ ಬಿದ್ದಿದ್ದರೆ, ಅದು ಕಾನೂನು ತಡೆಯುವ ಕೆಲಸವೇ. ನಾನು ಕಾಯಂ ಅಲ್ಲವಲ್ಲ ಎಂದು ಹೆದರುವವರಿಗೂ ಹೇಳುತ್ತೇನೆ: ದೆಹಲಿ ನಗರಪಾಲಿಕೆಯ ದಿನಗೂಲಿ ಹೆಂಗಸರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2000ದ ಮಾರ್ಚ್ 8ರಂದು, ನಮ್ಮ ಮಹಿಳಾ ದಿನದಂದೇ, ದಿನಗೂಲಿಯವರಿಗೂ ಈ ಸೌಲಭ್ಯ ಸಿಗಬೇಕೆಂದಿತು. ಗುತ್ತಿಗೆಯ ಅವಧಿ ನಡುವೆ ಮುಗಿದರೂ ಹೆರಿಗೆ ಸೌಲಭ್ಯ ಪೂರ್ತಿ ಕೊಡಬೇಕೆಂದು 2023ರಲ್ಲಿ ಹೇಳಿತು.

ಕೂಸಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು ಕೊಡಬೇಕೆಂದೂ ಇದೆ, 50 ಜನರಿರುವಲ್ಲಿ ಶಿಶುಪಾಲನಾ ಕೇಂದ್ರವೂ ಇರಬೇಕು. ಆದರೆ ಕೂಸು ಅಂಕೋಲೆಯಲ್ಲಿ, ತಾಯಿ ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದ ಕಾರವಾರದಲ್ಲಿ! ಬಿಡುವು ಸಿಕ್ಕರೂ ಎದೆ ಭಾರವಾಗಿ ಸೀರೆ ಒದ್ದೆಯಾಗುವುದೇ ಹೊರತು ಕೂಸಿನ ಹೊಟ್ಟೆ ತುಂಬುವುದಿಲ್ಲ. ಇಂಥವರು ಎರಡೂ ಬಿಡುವುಗಳನ್ನು ಕೂಡಿಸಿ, ಸಂಜೆ ಮುಂಚಿನ ಬಸ್ಸು ಹಿಡಿಯಲು ಬಿಡಿ ಎಂದು ಕೇಳಬೇಕೆಂಬುದು ನನ್ನ ಅಭಿಪ್ರಾಯ. ಕಾನೂನಿನಲ್ಲಿ ಹಾಗೆ ಬರೆದಿಲ್ಲ, ಒಪ್ಪಂದದಿಂದ ಆಗಬೇಕು. ಒಬ್ಬಳೇ ಕೇಳಿದರೆ ನಗುತ್ತಾರೆ, ಅಂಗಡಿಯ ಎಲ್ಲ ಹುಡುಗಿಯರೂ ಕೇಳಿದರೆ ಯೋಚಿಸುತ್ತಾರೆ.

ಇನ್ನು ಮನೆಯ ವಿಷಯ. ಎಷ್ಟೋ ಸಲ ಧಣಿ ಬಾ ಎಂದರೂ ಗಂಡ, ಅತ್ತೆ ಬಿಡುವುದಿಲ್ಲ. ಅವರ ಮಾತೂ ಸಿಹಿಯಾಗಿಯೇ ಇರುತ್ತದೆ: "ನಿನಗೆ ಯಾಕೆ ಕಷ್ಟ?" ಆರು ತಿಂಗಳು ಕಳೆದ ಮೇಲೆ ಅದೇ ಬಾಯಿ "ಕೂತು ತಿನ್ನುತ್ತಾಳೆ" ಎನ್ನುತ್ತದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೊಡೆತಕ್ಕೆ ಮಾತ್ರ ಎಂದು ತಿಳಿಯಬೇಡಿ. ಅದರ ನಿಯಮಗಳಲ್ಲಿರುವ ದೂರಿನ ನಮೂನೆಯಲ್ಲಿ, ಹೆಂಗಸು ನೌಕರಿ ಮುಂದುವರಿಸದಂತೆ ತಡೆಯುವುದು, ನೌಕರಿಗೆ ಸೇರಲು ಬಿಡದಿರುವುದು, ಅವಳ ಪಗಾರ ಕಿತ್ತುಕೊಳ್ಳುವುದು ಆರ್ಥಿಕ ಹಿಂಸೆ ಎಂದೇ ಅಚ್ಚಾಗಿದೆ. ಬಾಣಂತಿಯನ್ನು ಮನೆಯಲ್ಲಿ ಕೂರಿಸುವುದು ಪ್ರೀತಿಯೋ ಹಿಂಸೆಯೋ ಎಂಬುದನ್ನು ಅವಳನ್ನೇ ಕೇಳಬೇಕು, ಅದೂ ಅತ್ತೆ ಪಕ್ಕದಲ್ಲಿ ಇಲ್ಲದಾಗ. ದೂರನ್ನು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಕೊಡಬಹುದು.

ಧಣಿಯೇ ಇಲ್ಲದವರ ಗತಿ? ಬುಟ್ಟಿ ಹೊತ್ತು ಬಂಗಡೆ ಮಾರುವವರು, ಅಂಕೋಲೆಯ ಪೇಟೆಯಲ್ಲಿ ತರಕಾರಿ ಹರಡಿ ಕೂರುವ ಹಾಲಕ್ಕಿ ಹೆಂಗಸರು ನಮ್ಮ ಸಂಘಗಳಲ್ಲೇ ಇದ್ದಾರೆ. ಅವರಿಗೆ 26 ವಾರವೂ ಇಲ್ಲ, ಪಗಾರವೂ ಇಲ್ಲ. ಮಾತೃ ವಂದನಾ ಯೋಜನೆಯಲ್ಲಿ ಮೊದಲ ಕೂಸಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. ಅಷ್ಟರಲ್ಲಿ ಆರು ತಿಂಗಳು ಮನೆಯಲ್ಲಿ ಕೂರಲು ಯಾರಿಂದ ಸಾಧ್ಯ? ಆದರೆ ನಾನು ಕಂಡಂತೆ, ಮೀನು ಪೇಟೆಯಲ್ಲಿ ಬಾಣಂತಿ ಕೂರುತ್ತಿದ್ದ ಜಾಗವನ್ನು ಅವಳ ಅಕ್ಕನೋ ನಾದಿನಿಯೋ ಕಾದುಕೊಡುತ್ತಾರೆ. ಓದಿದವರ ಅಂಗಡಿಯಲ್ಲಿ ಈ ನಿಯತ್ತು ಕಾಣಲಿಲ್ಲ.

ನಮ್ಮ ಸಂಘದಲ್ಲಿ ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ರಜೆಗೆ ಹೋಗುವ ಮೊದಲೇ ಯಾವ ದಿನದಿಂದ ರಜೆ ಎಂದು ಬರೆದುಕೊಟ್ಟು, ಪ್ರತಿಯ ಮೇಲೆ ಸಹಿ ತೆಗೆದುಕೊಳ್ಳುವುದು. ಸಹಿ ಕೊಡದಿದ್ದರೆ ಸ್ಪೀಡ್ ಪೋಸ್ಟ್. ರಜೆ ಮುಗಿದ ದಿನ ಸಂಘದ ಇಬ್ಬರು ಅವಳ ಜೊತೆ ಅಂಗಡಿಗೆ ಹೋಗುವುದು. "ಆಮೇಲೆ ನೋಡುವಾ" ಎಂದರೆ, "ಹಾಗೆಂದು ಬರೆದುಕೊಡಿ" ಎನ್ನುವುದು. ತೆಗೆದರೆ, ಅದು ತಿಳಿದ ದಿನದಿಂದ 60 ದಿನದೊಳಗೆ ಮೇಲ್ಮನವಿ ಹಾಕಬೇಕು, ತಡಮಾಡಬಾರದು. ಕಾರವಾರದಲ್ಲಿ ಕಾರ್ಮಿಕ ಇಲಾಖೆಯ ಕಚೇರಿ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. ಪಗಾರದ ಚೀಟಿ, ಹಾಜರಿಯ ನಕಲು, ಏನೂ ಇಲ್ಲದಿದ್ದರೆ ಬಸ್ ಪಾಸಾದರೂ ಸರಿ, ತಾಯಿ ಕಾರ್ಡಿನ ಜೊತೆ ಅದೇ ಚೀಲದಲ್ಲಿ ಇಟ್ಟುಕೊಳ್ಳಿ. 80 ದಿನ ದುಡಿದದ್ದಕ್ಕೆ ಸಾಕ್ಷಿ ಕೇಳುತ್ತಾರೆ.