ಎಸ್‌ಪಿಎಫ್ ಒಂದೇ ಸಾಲದು



ಕಳೆದ ಬೇಸಿಗೆಯಲ್ಲಿ ಶಾಲೆಯೊಂದಕ್ಕೆ ಹೋಗಿದ್ದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಸನ್‌ಸ್ಕ್ರೀನ್ ಕ್ರೀಮಿನ ಖಾಲಿ ಟ್ಯೂಬು ತೋರಿಸಿದಳು. "ಸರ್, ಇದರ ಮೇಲೆ ಎಸ್‌ಪಿಎಫ್ 30 ಅಂತ ಇದೆ. ಇದನ್ನು ಹಚ್ಚಿದರೆ ಬಿಸಿಲು ಏನೂ ಮಾಡೋದಿಲ್ವಾ?" ಎಂದು ಕೇಳಿದಳು. ಆ ಅಂಕಿ ಅರ್ಧ ಉತ್ತರ ಮಾತ್ರ ಎಂದೆ. ಏಕೆ ಗೊತ್ತೇ?

ಬಿಸಿಲಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ನೆಲ ತಲುಪುವ ಈ ಕಿರಣಗಳಲ್ಲಿ ಎರಡು ಬಗೆ. ಯುವಿ-ಬಿ ಕಿರಣಗಳು ಚರ್ಮದ ಮೇಲ್ಪದರವನ್ನು ಸುಟ್ಟು ಕೆಂಪಾಗಿಸುತ್ತವೆ. ಯುವಿ-ಎ ಕಿರಣಗಳ ತರಂಗದೂರ ಹೆಚ್ಚು. ಸುಮಾರು 320ರಿಂದ 400 ನ್ಯಾನೋಮೀಟರ್. ಇವು ಚರ್ಮದ ಇನ್ನೂ ಆಳಕ್ಕೆ ಇಳಿಯುತ್ತವೆ. ಕಿಟಕಿಯ ಗಾಜನ್ನೂ ದಾಟಿ ಬರುತ್ತವೆ. ಉರಿ ಕಾಣಿಸದಿದ್ದರೂ ಚರ್ಮ ಬೇಗ ಸುಕ್ಕುಗಟ್ಟುತ್ತದೆ. ಚರ್ಮದ ಕ್ಯಾನ್ಸರಿಗೂ ಇವು ಕಾರಣವಾಗಬಲ್ಲವು.

ಎಸ್‌ಪಿಎಫ್ ಅಳೆಯುವಾಗ, ಒಪ್ಪಿ ಬಂದವರ ಬೆನ್ನಿಗೆ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂನಂತೆ ಕ್ರೀಮು ಹಚ್ಚುತ್ತಾರೆ. ದೀಪದಿಂದ ನೇರಳಾತೀತ ಕಿರಣ ಬಿಡುತ್ತಾರೆ. ಚರ್ಮ ಕೆಂಪಾಗಲು ಮೊದಲಿಗಿಂತ ಎಷ್ಟು ಪಟ್ಟು ಕಿರಣ ಬೇಕಾಯಿತು ಎಂಬುದೇ ಆ ಅಂಕಿ. ಕೆಂಪಾಗಿಸುವುದು ಮುಖ್ಯವಾಗಿ ಯುವಿ-ಬಿ. ಹಾಗಾದರೆ ಯುವಿ-ಎ ಲೆಕ್ಕ ಎಲ್ಲಿ ಸಿಕ್ಕಿತು? ಥರ್ಮಾಮೀಟರಿನಿಂದ ತೂಕ ತಿಳಿಯುವುದುಂಟೇ?

ಅದಕ್ಕೆ ಬೇರೆಯೇ ಪರೀಕ್ಷೆ ಬೇಕು. ಯುವಿ-ಎ ಬಿದ್ದ ಚರ್ಮ ಕಪ್ಪಾಗುತ್ತದೆ. ಕೆಲವು ಗಂಟೆಗಳ ನಂತರವೂ ಉಳಿಯುವ ಆ ಕಪ್ಪನ್ನು ನೋಡಿ ಲೆಕ್ಕ ಹಾಕುವುದು ಒಂದು ವಿಧಾನ. ಜಪಾನಿನಲ್ಲಿ 1996ರಿಂದ ಇದರ ಫಲಿತಾಂಶವನ್ನು 'ಪಿಎ' ಅಕ್ಷರಗಳ ಮುಂದೆ + ಗುರುತುಗಳಲ್ಲಿ ತೋರಿಸುತ್ತಾರೆ. ಇನ್ನೊಂದು ವಿಧಾನದಲ್ಲಿ ಮನುಷ್ಯರ ಚರ್ಮವೇ ಬೇಡ. ಒರಟು ಮೈಯ ಪಾರದರ್ಶಕ ಪ್ಲಾಸ್ಟಿಕ್ ತಟ್ಟೆಗೆ ಕ್ರೀಮು ಸವರಿ, ಎಷ್ಟು ಕಿರಣ ದಾಟಿತೆಂದು ಉಪಕರಣದಿಂದ ಅಳೆಯುತ್ತಾರೆ. ಕೆಲವು ರಾಸಾಯನಿಕಗಳು ಬೆಳಕಿಗೆ ಒಡೆದು ಶಕ್ತಿ ಕಳೆದುಕೊಳ್ಳುತ್ತವೆ. ಆದ್ದರಿಂದ ತಟ್ಟೆಯ ಮೇಲೆ ಮೊದಲು ನೇರಳಾತೀತ ಕಿರಣ ಬಿಟ್ಟು, ಆಮೇಲೆ ಮತ್ತೆ ಅಳೆಯುತ್ತಾರೆ. ಇದು ನ್ಯಾಯವಾದ ಪರೀಕ್ಷೆ. ಬಿಸಿಲಿಗೆಂದು ಮಾಡಿದ ಕ್ರೀಮು ಬೆಳಕಿನಲ್ಲಿ ಬಾಳಿಕೆ ಬರಬೇಡವೇ?

ಯುವಿ-ಎ ರಕ್ಷಣೆಯ ಅಂಕಿ ಎಸ್‌ಪಿಎಫ್‌ನ ಮೂರನೇ ಒಂದು ಭಾಗವಾದರೂ ಇರಬೇಕೆಂದು ಯುರೋಪಿಯನ್ ಆಯೋಗ 2006ರಲ್ಲಿ ಶಿಫಾರಸು ಮಾಡಿತು. ಎಸ್‌ಪಿಎಫ್ 30 ಇದ್ದರೆ ಇದು ಕನಿಷ್ಠ 10 ಆಗಬೇಕು. ನನ್ನ ಅಭಿಪ್ರಾಯದಲ್ಲಿ ಇಷ್ಟೂ ಸಾಲದು. ಎರಡೂ ಅಂಕಿಗಳನ್ನು ಟ್ಯೂಬಿನ ಮೇಲೆ ಅಕ್ಕಪಕ್ಕ, ಒಂದೇ ಗಾತ್ರದಲ್ಲಿ ಅಚ್ಚು ಹಾಕಬೇಕು. ಒಂದನ್ನೇ ದೊಡ್ಡದಾಗಿ ತೋರಿಸಿದರೆ ಕೊಳ್ಳುವವರು ಪೂರ್ತಿ ರಕ್ಷಣೆ ಸಿಕ್ಕಿತೆಂದು ತಿಳಿದು ಹೆಚ್ಚು ಹೊತ್ತು ಬಿಸಿಲಿನಲ್ಲಿ ನಿಲ್ಲುತ್ತಾರೆ.

ಮಕ್ಕಳೇ, ಕ್ರೀಮು ಕೊಳ್ಳಲೇಬೇಕೆಂದು ನಾನು ಹೇಳುತ್ತಿಲ್ಲ. ಮಧ್ಯಾಹ್ನದ ಬಿಸಿಲಿಗೆ ಮರದ ನೆರಳು, ಕೊಡೆ, ಟೋಪಿ, ತುಂಬುತೋಳಿನ ಅಂಗಿ ಇವೆಯಲ್ಲ! ಆದರೆ ಯಾವುದೇ ಡಬ್ಬಿಯ ಮೇಲೆ ಅಂಕಿ ಕಂಡಾಗ ಆ ಹುಡುಗಿಯಂತೆ ನೀವೂ ಕೇಳಿ: ಇದು ಏನನ್ನು ಅಳೆದು ಬರೆದದ್ದು? ಏನನ್ನು ಅಳೆಯದೆ ಬಿಟ್ಟದ್ದು?